ಹಿರಿಯ ಸಿಸ್ಟರನ್ನು ಕಳಿಸಿಕೊಡುವ ಮುಂಚೆ

ಪ್ರಿಯ ಸಿಸ್ಟರ್,

ಡೊಡೊಮಾ ಕಡೆಯ ನಿಮ್ಮ ಡಿಸ್ಪೆನ್ಸರಿಯಲ್ಲಿ ಕೆಲಸ ಕಲಿಸಿಕೊಟ್ಟ ಹಿರಿಯ ಸಿಸ್ಟರ್ ಮುಂದಿನ ತಿಂಗಳು ಮಂಗಳೂರಿಗೆ ವಾಪಸಾಗುತ್ತಾರೆ, ಶಾಲು, ಹಾರ, ಒಂದು ಊಟ ಸಾಕಾ ಎಂದು ಕೇಳಿದ್ದೀರಿ. ಊರಲ್ಲಾದರೆ ಧಾರಾಳವಾಯಿತು. ತಾಂಜಾನಿಯಾದಲ್ಲಿ ಸಾಲದು. ನಾನು ಬಂದ ಹೊಸದರಲ್ಲಿ ಇದನ್ನೆಲ್ಲ ಹೇಳುವವರಿರಲಿಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಹೇಳದೆ ಹೊರಟರೆ ಇಲ್ಲಿಯವರಿಗೆ ಬಹಳ ನೋವಾಗುತ್ತದೆ. ಎರಡು ವಾರ ಮೊದಲೇ ಅವರನ್ನು ಒಂದೊಂದು ಜುಮುಯಾಕ್ಕೂ ಕರೆದುಕೊಂಡು ಹೋಗಿ, ನಮ್ಮ ಚರ್ಚಿನ ವಾರ್ಡು ಇದ್ದ ಹಾಗೆ ಅದು. ಹಳ್ಳಿಯ ಮ್ವೆನ್ಯೆಕಿಟಿ ಅಂದರೆ ಅಧ್ಯಕ್ಷ, ಮಸೀದಿಯ ಶೇಖ್, ಹಳೇ ರೋಗಿಗಳು, ಯಾರನ್ನೂ ಬಿಡಬೇಡಿ. ಹಿರಿಯರಿಗೆ ಮೊದಲು ‘ಶಿಕಮೋ’ ಎಂದು ವಂದಿಸಬೇಕಾದವರು ನೀವು.

ಕಾರ್ಯಕ್ರಮದ ಹೊತ್ತು ಹೇಳುವಾಗ ಹುಷಾರು. ಸ್ವಾಹಿಲಿ ಗಡಿಯಾರ ಬೆಳಗಾದಲ್ಲಿಂದ ಎಣಿಸುತ್ತದೆ: ಬೆಳಿಗ್ಗೆ 10 ಅಂದರೆ ‘ಸಾ ನ್ನೆ’, ನಾಲ್ಕನೇ ಗಂಟೆ. ‘ಸಾ ಕುಮಿ’, ಹತ್ತು ಗಂಟೆ, ಅಂದಿರೋ, ಜನ ಸಂಜೆ 4ಕ್ಕೆ ಬರುತ್ತಾರೆ. ಇಲ್ಲಿಯ ಹೆಂಗಸರು ಉಡುವ, ಹೊದೆಯುವ ಕಾಂಗಾ ಬಟ್ಟೆ ಹೊದಿಸುವುದಾದರೆ ಜೋಡಿಯಾಗಿಯೇ ತನ್ನಿ. ಅಂಚಿನ ಮೇಲೆ ಅಚ್ಚಾದ ಗಾದೆಯನ್ನು ಊರಿನ ಹೆಂಗಸೊಬ್ಬರಿಂದ ಓದಿಸಿದ ಮೇಲೆ ದುಡ್ಡು ಕೊಡಿ. ಕೆಲವು ಗಾದೆಗಳು ನೆರೆಮನೆಯವಳನ್ನು ಚುಚ್ಚಲೆಂದೇ ಇರುವಂಥವು.

ಊಟಕ್ಕೆ ಪಿಲಾವ್ ಸಾಕು. 1 ಕಿಲೋ ಅಕ್ಕಿ 8 ಜನಕ್ಕೆ ಆಗುತ್ತದೆ, ಆದರೆ ಕರೆದವರ ಒಂದೂವರೆ ಪಟ್ಟು ಲೆಕ್ಕ ಹಾಕಿ. ಸೋಡಾ ಕ್ರೇಟಿನಲ್ಲಿ 24 ಬಾಟಲಿ, ಸಂಜೆಯೇ ಖಾಲಿ ಬಾಟಲಿ ಎಣಿಸಿಡದಿದ್ದರೆ ಡಿಪಾಸಿಟ್ ಹೋದ ಹಾಗೆಯೇ. ಆಡು, ಕೋಳಿ, ಮೊಟ್ಟೆ ಕಾಣಿಕೆಯಾಗಿ ಬಂದರೆ ಸಂಕೋಚದಿಂದ ಬೇಡ ಅನ್ನಬೇಡಿ. ಕೈ ಚಾಚಿ ತೆಗೆದುಕೊಂಡು ಆಮೇಲೆ ಕಾನ್ವೆಂಟಿಗೆ ಕೊಡಿಸಿ.

ಇಷ್ಟು ಎಲ್ಲರೂ ಹೇಗೋ ಮಾಡಿಬಿಡುತ್ತಾರೆ. ತಪ್ಪಿಹೋಗುವುದು ಬೇರೆಯದು. ಹಿರಿಯ ಸಿಸ್ಟರ್ ವರ್ಷಗಟ್ಟಲೆ ಸದ್ದಿಲ್ಲದೆ ಕೊಟ್ಟ ಮಾತುಗಳು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಅವರು ಹೋದ ವಾರದಿಂದಲೇ ಗೇಟಿನ ಹತ್ತಿರ ಜನ ನಿಲ್ಲುತ್ತಾರೆ: ಮಗಳ ಫೀಸು ಕಟ್ಟುತ್ತೇನೆಂದಿದ್ದರು, ಮಾಡಿಗೆ ಶೀಟು ಕೊಡಿಸುತ್ತೇನೆಂದಿದ್ದರು. ಕೆಲವು ನಿಜ, ಕೆಲವು ಅರ್ಧ ನಿಜ. ಇಲ್ಲವೆಂದರೆ ಅವರ ಹೆಸರಿಗೆ ಮಸಿ, ಹೂಂ ಅಂದರೆ ಡಿಸ್ಪೆನ್ಸರಿಯ ಔಷಧಿ ದುಡ್ಡಿಗೆ ಕೈ. ಮಂಗಳೂರಿಗೆ ಫೋನು ಮಾಡಿ ಕೇಳಿದರೆ ಅವರಿಗೆ ಅಲ್ಲಿ ನಿದ್ದೆ ಬರುವುದಿಲ್ಲ. ಇಂಥದ್ದರಿಂದ ಕಾನ್ವೆಂಟಿಗೂ ಊರಿಗೂ ವರ್ಷಗಟ್ಟಲೆ ಮನಸ್ತಾಪ ಉಳಿದದ್ದುಂಟು.

ಹಾಗಾಗಿ ಒಂದು ಮಧ್ಯಾಹ್ನ ಅವರೊಬ್ಬರ ಜೊತೆ ನೋಟುಬುಕ್ಕು ಹಿಡಿದು ಕುಳಿತುಕೊಳ್ಳಿ. ಯಾವ ಮಗುವಿನ ಫೀಸು, ಯಾವ ಕ್ಲಾಸಿನವರೆಗೆ, ಎಷ್ಟು ಶಿಲಿಂಗ್. ಯಾರು ಸಾಲ ತೀರಿಸಬೇಕು. ಸೈಕಲ್ಲು ಯಾರ ಮನೆಯಲ್ಲಿದೆ. ಆಮೇಲೆ ಆ ಮನೆಯವರನ್ನು ಕರೆಸಿ, ಏನು ಮುಂದುವರಿಯುತ್ತದೆ, ಏನು ನಿಲ್ಲುತ್ತದೆ ಎಂಬುದನ್ನು ಹಿರಿಯರ ಬಾಯಲ್ಲೇ, ನಿಮ್ಮೆದುರೇ ಹೇಳಿಸಿ. ನೀವು ಹೇಳಿದರೆ ನಡೆಯುವುದಿಲ್ಲ, ನೀವಿನ್ನೂ ಹೊಸಬರು.

ಮೊಬೈಲಿನಲ್ಲಿ ಹಣ ಇಡುವ, ಕಳಿಸುವ ಎಂ-ಪೆಸಾ ಸಿಮ್ ಅವರ ಪಾಸ್‌ಪೋರ್ಟು, ಬೆರಳಚ್ಚಿಗೆ ಅಂಟಿಕೊಂಡಿದ್ದರೆ ಅದರ ಹಣವನ್ನು ಅವರಿರುವಾಗಲೇ ಕಾನ್ವೆಂಟಿನ ನಂಬರಿಗೆ ದಾಟಿಸಿ. ಪಿನ್ ಮರೆತರೆ ಅವರೇ ಬರಬೇಕಾದೀತು. ಬ್ಯಾಂಕಿನ ಸಹಿಯೂ ಹಾಗೆಯೇ. ಮೊದಲೇ ದುಡ್ಡು ಕಟ್ಟಿ ಕರೆಂಟು ತುಂಬಿಸುವ ಲೂಕು ಮೀಟರಿನ ನಂಬರನ್ನು ಗೋಡೆಗೆ ಅಂಟಿಸಿ, ಕರೆಂಟು ಮುಗಿಯುವುದು ರಾತ್ರಿಯೇ.

ಮತ್ತೆ ಬರುತ್ತೇನೆ ಎಂದು ವೇದಿಕೆಯಲ್ಲಿ ಅವರಿಂದ ಹೇಳಿಸಬೇಡಿ. ಮಕ್ಕಳು ನಂಬಿ ಕಾಯುತ್ತವೆ.

ಯೆಲ್ಲೋ ಫೀವರ್ ಲಸಿಕೆಯ ಕಾರ್ಡು ಕೈಚೀಲದಲ್ಲಿರಲಿ. ಚಿಪ್ಪು, ಚರ್ಮ, ದಂತದ ಸಾಮಾನು ಪೆಟ್ಟಿಗೆಗೆ ಬೇಡ. ದಾರ್ ಎಸ್ ಸಲಾಮಿಗೆ 2024ರಿಂದ ಹೊಸ ರೈಲಿದೆ, ಮೊಣಕಾಲು ನೋವಿನವರಿಗೆ ಬಸ್ಸಿಗಿಂತ ವಾಸಿ. ಜೊತೆಗೆ ಒಬ್ಬರು ಹೋದರೆ ಸಾಕು.

ಕುಚ್ಚಲಕ್ಕಿ ಸಿಗುತ್ತದಾ ಎಂದೂ ಕೇಳಿದ್ದೀರಿ. ಆ ಆಸೆ ಬಿಡಿ, ಜೋಳದ ಹಿಟ್ಟಿನ ಮುದ್ದೆ ಉಗಾಲಿ ಅಭ್ಯಾಸವಾಗುತ್ತದೆ. ಹಿರಿಯರ ಹತ್ತಿರ ಉಳಿದ ಮಿಡಿ ಉಪ್ಪಿನಕಾಯಿ ಇದ್ದರೆ ಮಾತ್ರ ಕೇಳಿ ಇಟ್ಟುಕೊಳ್ಳಿ.