ಅಪ್ಪನ ಕಾಗದದಲ್ಲಿ ಅಮ್ಮನಿಗೆ ಒಂದೇ ಸಾಲು

‘ಇಂಟರ್ನೆಟ್ ಬಂದ ಮೇಲೆ ಮನೆಯವರು ಹತ್ತಿರ ಆದರಾ, ದೂರ ಆದರಾ?’ ಅಂತ ಕೇಳಿದ್ದೀರಿ. ನಮ್ಮ ಮನೆಯ ಮಟ್ಟಿಗೆ ಹೇಳೋದಾದರೆ, ಅಮ್ಮ ಹತ್ತಿರ ಆದಳು. ಅಪ್ಪ ಸ್ವಲ್ಪ ಹಿಂದೆ ಸರಿದರು.

ನಮ್ಮದು ಕೊಪ್ಪದ ಕಡೆ ಅಡಿಕೆ ತೋಟದ ಮನೆ. ನಾನು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಾಗ ಹದಿನೈದು ದಿನಕ್ಕೊಂದು ನೀಲಿ ಇನ್‌ಲ್ಯಾಂಡ್ ಬರುತ್ತಿತ್ತು. ಬರೆಯೋದು ಅಪ್ಪ. ‘ಉಭಯಕುಶಲೋಪರಿ’ ಅಂತ ಶುರುವಾಗಿ, ಅಡಿಕೆ ರೇಟು, ದಾಯಾದಿಗಳ ಜಗಳ, ನನ್ನ ಫೀಸು ಎಲ್ಲ ಮುಗಿದ ಮೇಲೆ, ಅಂಟು ಹಚ್ಚೋ ಅಂಚಿನ ಹತ್ತಿರ ಜಾಗ ಉಳಿದರೆ, ‘ನಿನ್ನ ಅಮ್ಮ ಆಶೀರ್ವಾದ ತಿಳಿಸಿದ್ದಾಳೆ.’ ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಕೂಡಿಸಿಕೊಂಡು ಓದುತ್ತಾಳೆ, ಪೆನ್ನು ಹಿಡಿ ಅಂದರೆ ಮಾತ್ರ ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಗುತ್ತೆ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೂ ‘ದುಡ್ಡು ಓಡ್ತದೆ, ಇಡು’ ಅನ್ನೋಳು. ಅವಳ ಹತ್ತಿರ ಇಷ್ಟೊಂದು ಮಾತಿತ್ತು ಅಂತ ನನಗೆ ಮೂವತ್ತು ದಾಟಿದ ಮೇಲೆ ಗೊತ್ತಾಯಿತು.

ಕಂಪ್ಯೂಟರಿಗೆ ಕನ್ನಡ ಬಂದು ಎಷ್ಟೋ ಕಾಲವಾಗಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರ ‘ಬರಹ’, ಆಮೇಲೆ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳು, ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ಕೊಟ್ಟ ಯೂನಿಕೋಡ್, ಇದೆಲ್ಲ ನನ್ನಂಥ ಬರೆಯುವವರಿಗೆ ದೊಡ್ಡ ಉಪಕಾರ. ಆದರೂ ನಾನು ಸೋಮಾರಿ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಿದ್ದೆ. ಆ ಲಿಪಿಯಲ್ಲಿ ಬಳೆಯೂ ಬಾಳೆಯೂ ಬಲೆಯೂ ಒಂದೇ. ಅಪ್ಪ ಕನ್ನಡಕ ಏರಿಸಿ ‘ಇದೆಂತ ಭಾಷೆ?’ ಅಂತ ಫೋನ್ ಕೆಳಗಿಡುತ್ತಿದ್ದರು.

ಅಮ್ಮನಿಗೆ ಬಾಗಿಲು ತೆಗೆದದ್ದು ವಾಟ್ಸಾಪಿನ ಮೈಕಿನ ಗುರುತು. ನಮ್ಮೂರಲ್ಲಿ ಹಿಂದೆ ತಂತಿ, ಅಂದರೆ ಟೆಲಿಗ್ರಾಂ, ಬಂತು ಅಂದರೆ ಯಾರೋ ಹೋದರು ಅಂತಲೇ ಅರ್ಥ. ಆ ತಂತಿ ಸೇವೆ ನಿಂತದ್ದು 2013ರ ಜುಲೈಯಲ್ಲಿ, ವಾಟ್ಸಾಪಿಗೆ ಧ್ವನಿ ಸಂದೇಶ ಬಂದದ್ದು ಮರು ತಿಂಗಳು. ನಮ್ಮನೆಗೆ ತಲುಪೋ ಹೊತ್ತಿಗೆ 2017. ಜಿಯೋ ಬಂದು ಡೇಟಾ ಅಗ್ಗವಾಗಿತ್ತು, ತಂಗಿ ತನ್ನ ಹಳೇ ಫೋನು ಕೊಟ್ಟು ‘ಇದನ್ನ ಒತ್ತಿಕೊಂಡು ಮಾತಾಡು’ ಅಂದಳು. ಅಷ್ಟೇ.

ಮನೆಯೊಳಗೆ ಸಿಗ್ನಲ್ ಇಲ್ಲ. ಅಮ್ಮ ಅಡಿಕೆ ಸುಲಿಯುತ್ತಾ, ದನಕ್ಕೆ ಹುಲ್ಲು ಹಾಕುತ್ತಾ ಮಾತಾಡಿ ಬಿಡುತ್ತಾಳೆ, ಅದು ಗಡಿಯಾರದ ಗುರುತು ಹೊತ್ತು ಕಾಯುತ್ತೆ. ಡೈರಿಗೆ ಹಾಲು ಕೊಡಲು ಗುಡ್ಡ ಹತ್ತಿದಾಗ ಐದಾರು ಒಟ್ಟಿಗೆ ನನಗೆ ಬಂದು ಬೀಳುತ್ತವೆ. ಮೊದಲನೆಯದರಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯೋ ಸದ್ದಿಗೆ ಮಾತೇ ಕೇಳಲ್ಲ. ಮೂರನೆಯದರಲ್ಲಿ ‘ತಡಿ ಮಗಾ, ಕರು ಬಿಚ್ಕೊಂಡ್ತು’ ಅಂತ ಓಡಿದವಳು ಮೈಕನ್ನು ಹಾಗೇ ಬಿಟ್ಟಿರುತ್ತಾಳೆ. ಒಂದೂವರೆ ನಿಮಿಷ ಬರೀ ಅಂಗಳ. ಐದನೆಯದರಲ್ಲಿ ಮಳೆ ಬಿಟ್ಟಿರುತ್ತೆ. ವೀಡಿಯೋ ಕಾಲಿನಲ್ಲಿ ಅವಳು ಹೀಗಿರೋದಿಲ್ಲ. ಸೆರಗು ಸರಿಮಾಡಿಕೊಂಡು ಫೋಟೋಕ್ಕೆ ಕೂತ ಹಾಗೆ ಕೂರುತ್ತಾಳೆ.

ನನ್ನ ತಪ್ಪೂ ಹೇಳಿಬಿಡುತ್ತೇನೆ. 2021ರಲ್ಲಿ ಸಂದೇಶವನ್ನು ಬೇಗ ಓಡಿಸಿ ಕೇಳೋ ಸೌಲಭ್ಯ ಬಂತಲ್ಲ, ಬೆಂಗಳೂರಿನ ಬಸ್ಸಿನಲ್ಲಿ ಅಮ್ಮನನ್ನು ಎರಡು ಪಟ್ಟು ವೇಗದಲ್ಲಿ ಕೇಳೋಕೆ ಶುರು ಮಾಡಿದೆ. ಅವಳು ದೊಡ್ಡ ವಿಷಯವನ್ನು ಮೊದಲು ಹೇಳೋ ಪೈಕಿ ಅಲ್ಲ. ಹಲಸಿನ ಹಪ್ಪಳಕ್ಕೂ ಪಕ್ಕದ ಮನೆಯ ನಾಮಕರಣಕ್ಕೂ ನಡುವೆ ‘ಅಪ್ಪ ತೋಟದ ಸಂಕದ ಮೇಲೆ ಜಾರಿದ್ರು’ ಅಂದಿದ್ದಳು. ಸಂಕ ಅಂದರೆ ಕಾಲುಸೇತುವೆ. ನಾನು ‘ಆಯ್ತಮ್ಮ’ ಅಂತ ಹಾಕಿದೆ. ಅವರ ಕೈಗೆ ಪ್ಲಾಸ್ಟರ್ ಹಾಕಿದ್ದು ಗೊತ್ತಾದದ್ದು ನಾಲ್ಕು ದಿನದ ಮೇಲೆ, ತಂಗಿ ಬೈದಾಗ.

ಇನ್ನು ಅಪ್ಪ. ಅಷ್ಟು ಚೆನ್ನಾಗಿ ಕಾಗದ ಬರೆಯುತ್ತಿದ್ದ ಮನುಷ್ಯ ಈಗ ಹೆಬ್ಬೆರಳಿನ ಚಿತ್ರ ಬಿಟ್ಟರೆ ಏನೂ ಕಳಿಸಲ್ಲ. ಮೈಕಿಗೆ ಮಾತಾಡಿ ಅಂದರೆ ‘ಎದುರಿಗೆ ಯಾರೂ ಇಲ್ದೆ ಎಂತ ಮಾತಾಡೋದು’ ಅಂತಾರೆ. ಆದರೆ ಮೊನ್ನೆ ಅಮ್ಮನ ನಾಲ್ಕು ನಿಮಿಷದ ಸಂದೇಶದ ಕೊನೆಗೆ, ಜಗಲಿಯ ಕಡೆಯಿಂದ ಒಂದು ಕೆಮ್ಮು ಕೇಳಿಸಿತು, ಹಿಂದೆಯೇ ಅಪ್ಪನ ಧ್ವನಿ: ‘ಅಡಿಕೆ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆದಾಯ್ತು ಅಂತ ಹೇಳೇ ಅವನಿಗೆ.’ ಅಮ್ಮ ಹೇಳಿದಳು, ‘ಕೇಳ್ತಲ್ಲ? ಅಪ್ಪ ಹೇಳ್ತಿದಾರೆ.’