ತೊಟ್ಟಿ ಮನೆ ಕಂಬದ ಬುಡಕ್ಕೆ ಸಿಮೆಂಟ್ ಬೇಡ

ಅಣ್ಣಾ, ಮೊದಲು ಗಾರೆ ಕೆಲಸದವರಿಗೆ ಫೋನ್ ಮಾಡಿ ನಿಲ್ಲಿಸಿ. ಬಣ್ಣದ ಮಾತು ಆಮೇಲೆ.

ಹೊಸಕೋಟೆ ಹತ್ತಿರದ ತಾತನ ತೊಟ್ಟಿ ಮನೆಯನ್ನು ಹೋಂಸ್ಟೇ ಮಾಡುತ್ತಿದ್ದೀರಿ. ಪಡಸಾಲೆಯನ್ನು ನಾಲ್ಕು ಇಂಚು ಎತ್ತರಿಸಿ ಗ್ರಾನೈಟ್ ಹಾಕಿಸುತ್ತೀರಿ, ಕಂಬದ ಬುಡಕ್ಕೆ ಸಿಮೆಂಟ್ ಕಟ್ಟಿಸುತ್ತೀರಿ. ಕಂಬಕ್ಕೆ ಯಾವ ಎನಾಮೆಲ್ ಒಳ್ಳೆಯದು ಅಂತ ಕೇಳಿದ್ದೀರಿ. ಫೋಟೋ ನೋಡಿ ಎದೆ ಝಲ್ ಎಂದಿತು. ಹತ್ತು ವರ್ಷದ ಹಿಂದೆ ಮಾಗಡಿ ಕಡೆಯ ನಮ್ಮ ಮನೆಗೆ ನಾನು ಮಾಡಿಸಿದ್ದು ಇದನ್ನೇ.

ನಮ್ಮದು ನಾಲ್ಕು ಹೊನ್ನೆ ಕಂಬ. ಮುತ್ತಾತನ ಕಾಲದಿಂದ ಅಡಿಗಲ್ಲಿನ ಮೇಲೆ, ಅಂದರೆ ಕಂಬದ ಕೆಳಗಿನ ಕಲ್ಲಿನ ಮೇಲೆ, ಸುಮ್ನೆ ಕೂತಿದ್ದವು. ಹೂತಿರಲಿಲ್ಲ, ಮೊಳೆಯೂ ಇರಲಿಲ್ಲ. ಚಾವಣಿ ಹೊರುವ ಸಣ್ಣ ಮರಗಳಾದ ಜಂತೆಯ ಭಾರ ದಪ್ಪ ತೊಲೆಗೆ, ತೊಲೆಯದು ಕಂಬದ ತಲೆಯ ಮೇಲಿನ ಬೋದಿಗೆಗೆ, ಅಲ್ಲಿಂದ ಕಂಬಕ್ಕೆ, ಕಂಬದಿಂದ ಕಲ್ಲಿಗೆ. ಆ ಭಾರವೇ ಕಂಬವನ್ನು ಹಿಡಿದು ನಿಲ್ಲಿಸುತ್ತದೆ. ಮೇಸ್ತ್ರಿ "ಕಂಬ ಅಲ್ಲಾಡಬಾರದು ಸಾರ್" ಅಂದರು, ನಾನು ತಲೆಯಾಡಿಸಿದೆ. ನೆಲ ಏರಿತು, ಅಡಿಗಲ್ಲು ಮುಚ್ಚಿಹೋಯಿತು, ಮರದ ಬುಡ ಸಿಮೆಂಟಿನೊಳಗೆ ಸೇರಿತು. ನೆಲ ಒರೆಸಿದ ನೀರು, ತೊಟ್ಟಿಗೆ ಬಿದ್ದ ಮಳೆಯ ಎರಚಲು ಎಲ್ಲ ಆ ಬಟ್ಟಲಿಗೆ ಇಳಿಯಿತು. ಮರ ನೀರು ಹೀರುವುದು ಕೊಯ್ದ ತುದಿಯಿಂದ ಅಲ್ವಾ? ಮೇಲೆ ಎನಾಮೆಲ್ ಬೇರೆ ಬಳಿದಿದ್ದೆ. ಹೀರಿದ ನೀರಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಮೂರನೇ ಮಳೆಗಾಲಕ್ಕೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಹಿಡಿಯವರೆಗೂ ಒಳಗೆ ಹೋಯಿತು. ಹೊರಗಿನ ಬಣ್ಣ ಮಾತ್ರ ಫಳಫಳ. ಅವತ್ತು ಅಮ್ಮ ಜಗಲಿ ಮೇಲೆ ಕೂತು ಅತ್ತರು. ಅದು ಇನ್ನೂ ಕಣ್ಣ ಮುಂದಿದೆ.

ರಿಪೇರಿ ಹೀಗೆ ಮಾಡಿದೆವು. ಮೊದಲು ಹೆಂಚು ಇಳಿಸಿ ಭಾರ ಕಡಿಮೆ ಮಾಡಿದೆವು. ತೊಲೆಗೆ ಎರಡೂ ಕಡೆ ಜಾಕಿ ಕೊಟ್ಟೆವು. ಕೊಳೆತ ಒಂದೂವರೆ ಅಡಿ ಕತ್ತರಿಸಿ, ಅದೇ ಜಾತಿಯ ಹಳೇ ಮರವನ್ನು ಉದ್ದನೆಯ ಕಚ್ಚು ಮಾಡಿ (ಒಂದರೊಳಗೊಂದು ಕೂರುವ ಹಾಗೆ ಕೊಯ್ದು) ಕೂಡಿಸಿ, ಮರದ ಬೆಣೆ ಹೊಡೆದೆವು. ಹಳೇ ಮನೆ ಕೆಡವಿದ ಮರ ಮಾರುವವರ ಹತ್ತಿರ ಹುಡುಕಿ, ಸಿಗುತ್ತದೆ. ಹಸಿ ಮರ ಬೇಡ, ಒಣಗಿದ ಮೇಲೆ ಕಚ್ಚು ಬಿಡುತ್ತದೆ. ಕೊಳೆತ ಜಾಗಕ್ಕೆ ಎಂ-ಸೀಲ್ (ಬಿರುಕು ಮುಚ್ಚುವ ಎಪಾಕ್ಸಿ ಅಂಟು) ತುಂಬಿ ಮುಚ್ಚಿಬಿಡಿ ಅಂತ ನಿಮ್ಮ ಪ್ರಶ್ನೆಗೆ ಒಬ್ಬರು ಮೇಲೆ ಉತ್ತರ ಬರೆದಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಎಂ-ಸೀಲ್ ನೀರಿನ ಪೈಪಿಗೆ ಒಳ್ಳೆಯದು, ಭಾರ ಹೊರುವ ಕಂಬಕ್ಕಲ್ಲ. ಜಾಕಿ ಕೆಲಸವನ್ನೂ ನೀವೇ ಮಾಡಲು ಹೋಗಬೇಡಿ. ಹಳೇ ಮನೆ ಕೆಲಸ ಗೊತ್ತಿರುವ ಎಂಜಿನಿಯರ್ ಪಕ್ಕದಲ್ಲಿರಲಿ.

ಎನಾಮೆಲ್ ಏಷ್ಯನ್ ಪೇಂಟ್ಸ್ ಆಗಲಿ, ಬರ್ಜರ್ ಆಗಲಿ, ಕಂಪನಿ ಮುಖ್ಯ ಅಲ್ಲ. ಈ ಕಂಬಕ್ಕೆ ಎನಾಮೆಲ್ಲೇ ಬೇಡ. ಹಳೇ ಬಣ್ಣವನ್ನು ಮೆಲ್ಲಗೆ ಕೆರೆದು ತೆಗೆಸಿ. ಅದರಲ್ಲಿ ಸೀಸ ಇರಬಹುದು, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಬೆಂಕಿ ಹಿಡಿದು ಸುಡಿಸಬೇಡಿ. ಆಮೇಲೆ ಅಗಸೆ ಎಣ್ಣೆ. ಮೊದಲ ಸಲ ಹಚ್ಚುವಾಗ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ, ಮುಂದಿನ ಸಲಕ್ಕೆ ಟರ್ಪೆಂಟೈನ್ ಕಡಿಮೆ ಮಾಡಿ. ತೆಳ್ಳಗೆ ಹಚ್ಚಿ, ಉಳಿದದ್ದನ್ನು ಒರೆಸಿ ತೆಗೆಯಿರಿ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಕಾದು ಹತ್ತಿ ಉರಿಯುತ್ತದೆ. ಬಯಲಲ್ಲಿ ಹರಡಿ ಒಣಗಿಸಿ. ಫೆಬ್ರವರಿ, ಮಾರ್ಚ್ ಈ ಕೆಲಸಕ್ಕೆ ಸರಿಯಾದ ಕಾಲ. ಮರದ ತೇವ 20% ದಾಟಿದರೆ ಕೊಳೆಯುವ ಅಪಾಯ ಶುರು. ತೇವ ಅಳೆಯುವ ಸಣ್ಣ ಮೀಟರ್ ಆನ್‌ಲೈನಲ್ಲಿ ಸಿಗುತ್ತದೆ, ಒಂದು ಇಟ್ಟುಕೊಳ್ಳಿ.

ಇನ್ನೊಂದು ಮಾತು. ತಾತನ ಕಾಲದಲ್ಲಿ ಅಟ್ಟದಲ್ಲಿ ರಾಗಿ, ಆಮೇಲೆ ಅಪ್ಪನ ಕಾಲದಲ್ಲಿ ಪಡಸಾಲೆ ತುಂಬ ರೇಷ್ಮೆ ಹುಳ ಅಂದಿರಿ. ಹುಳದ ಮನೆಗೆ ವರ್ಷಗಟ್ಟಲೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಅದರಿಂದ ಕಬ್ಬಿಣದ ಮೊಳೆ, ಪಟ್ಟಿ ತುಕ್ಕು ಹಿಡಿದಿರುತ್ತವೆ. ಜಂತೆಯ ಮೊಳೆಗಳನ್ನು ಒಂದೊಂದಾಗಿ ನೋಡಿ. ಸೌದೆ ಒಲೆ ಹೋಗಿ ಗ್ಯಾಸ್ ಬಂದ ಮೇಲೆ ತೊಲೆಗೆ ಹೊಗೆಯೂ ತಪ್ಪಿತು. ಆ ಹೊಗೆಗೆ ಹೆದರಿ ಮರ ಕೊರೆಯುವ ಹುಳ ದೂರ ಇರುತ್ತಿತ್ತು. ತೊಲೆ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಆ ಹುಳ, ಅಂದರೆ ಕುಟ್ಟೆ, ಹಿಡಿದಿದೆ ಅಂತಲೇ ಅರ್ಥ. ಗೋಡೆ ಮೇಲೆ ಮಣ್ಣಿನ ಗೆರೆ ಇದ್ದರೆ ಗೆದ್ದಲು. ಎರಡಕ್ಕೂ ಮದ್ದು ಬೇರೆ ಬೇರೆ, ಒಂದೇ ಡಬ್ಬ ತಂದು ಎಲ್ಲಕ್ಕೂ ಬಳಿಯಬೇಡಿ.

ಅತಿಥಿಗಳಿಗೆ ಅಟ್ಟದ ಮೇಲೆ ಬಾತ್‌ರೂಮ್ ಅಂತೂ ಬೇಡವೇ ಬೇಡ. ಹಿತ್ತಲಲ್ಲಿ ಬೇರೆ ಕಟ್ಟಿಸಿ. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೇ ಇರಲಿ. ಸಿಮೆಂಟ್ ಬಳಿದರೆ ಗೋಡೆಯ ತೇವ ಒಳಗೇ ಉಳಿದು, ಗೋಡೆಗೆ ಸೇರಿಸಿದ ತೊಲೆಯ ತುದಿ ಕೊಳೆಯುತ್ತದೆ.

ಮರದ ಕಟ್ಟಡದ ಬಳಕೆ ಬದಲಾದರೆ ಅದು ಬಾಳುವುದಿಲ್ಲ ಅನ್ನುವವರಿಗೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರದ ಟಿಪ್ಪು ಬೇಸಿಗೆ ಅರಮನೆ ತೋರಿಸಿ. 1781ರಲ್ಲಿ ಹೈದರ್ ಅಲಿ ಶುರು ಮಾಡಿಸಿದ್ದು, 1791ರಲ್ಲಿ ಟಿಪ್ಪು ಮುಗಿಸಿದ್ದು. ಆಮೇಲೆ ಸರ್ಕಾರಿ ಕಚೇರಿ ಆಯಿತು. 1868ರಲ್ಲಿ ಆ ಕಚೇರಿ ಅಠಾರ ಕಚೇರಿಗೆ (ಈಗಿನ ಹೈಕೋರ್ಟ್ ಕಟ್ಟಡಕ್ಕೆ) ಹೋಯಿತು. ತೇಗದ ಕಂಬಗಳು ಇವತ್ತಿಗೂ ಕಲ್ಲಿನ ಪೀಠದ ಮೇಲೆ ನಿಂತಿವೆ. ಭಾನುವಾರ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ. ಎಲ್ಲರೂ ಮೇಲಿನ ಕಮಾನು ನೋಡುತ್ತಾರೆ, ನೀವಿಬ್ಬರೂ ಕೂತು ಬುಡ ನೋಡಿ.

ಗ್ರಾನೈಟ್ ಆಗಲೇ ತಂದಿದ್ದರೆ ಒಳಕೋಣೆಗೆ ಹಾಕಿಸಿ. ಪಡಸಾಲೆಯಲ್ಲಿ ಅಡಿಗಲ್ಲು ಪೂರ್ತಿ ಕಾಣಬೇಕು. ನೆಲ ತೊಟ್ಟಿ ಕಡೆಗೆ ಸ್ವಲ್ಪ ವಾಟ (ಇಳಿಜಾರು) ಇರಲಿ. ತೊಟ್ಟಿಯ ನೀರು ಹೋಗುವ ಕಂಡಿಯಲ್ಲಿ ಒಂದು ಕೊಡ ನೀರು ಸುರಿದು ನೋಡಿ. ನಿಂತರೆ ಮೊದಲು ಅದನ್ನು ಬಿಡಿಸಿ. ನಾಲ್ಕೂ ಕಂಬದ ಬುಡದ ಫೋಟೋ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.