ರಾತ್ರಿ ಉಣ್ಣದೆ ಮಲಗಿದರೂ ಬೆಳಿಗ್ಗೆ ಶುಗರ್ ಯಾಕೆ ಜಾಸ್ತಿ?

ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದರೂ ಬೆಳಿಗ್ಗೆ ಶುಗರ್ 160 ಬರುತ್ತದೆ, ಸ್ಕ್ಯಾನಿಂಗಲ್ಲಿ ಫ್ಯಾಟಿ ಲಿವರ್ ಬೇರೆ ಇದೆ, ಎರಡಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಇದೆ.

ದಾವಣಗೆರೆಯ ನಮ್ಮ ಮನೆಯಲ್ಲೂ ಇದೇ ಜಗಳ ಇತ್ತು. ಬೆಳಿಗ್ಗೆ ಆರಕ್ಕೆ ಅಪ್ಪ ಬೆರಳು ಚುಚ್ಚಿಕೊಳ್ಳುತ್ತಿದ್ದರು. ಮೀಟರ್ ನೋಡಿದ ಕೂಡಲೇ ಅಮ್ಮ ಅವರ ಅಂಗಿ ಜೇಬು ತಡಕುತ್ತಿದ್ದಳು. ಒಂದು ದಿನ ಜೇಬಿನ ಮೂಲೆಯಲ್ಲಿ ನಾಲ್ಕು ಮಂಡಕ್ಕಿ ಸಿಕ್ಕವು. ಅಲ್ಲಿಗೆ ತೀರ್ಪು ಮುಗಿಯಿತು! ನಾನು ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನನ್ನ ಪ್ರಕಾರ ಆ ಮಂಡಕ್ಕಿಗಿಂತ ದೊಡ್ಡ ಕಳ್ಳ ಲಿವರ್.

ನಮ್ಮ ಕಡೆ ಹಿಂದೆ ಜೋಳ ತುಂಬಿಡಲು ನೆಲದಲ್ಲಿ ಹಗೇವು ತೋಡುತ್ತಿದ್ದರಲ್ಲ, ಲಿವರ್ ಅಂಥದ್ದು. ಉಂಡ ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಸುಮಾರು 100 ಗ್ರಾಂ ಕೂಡಿಡುತ್ತದೆ. ರಾತ್ರಿ ಅದನ್ನೇ ಬಿಡಿಸಿ ರಕ್ತಕ್ಕೆ ಬಿಡುತ್ತದೆ. ನಿದ್ದೆಯಲ್ಲೂ ಮೆದುಳಿಗೆ ಸಕ್ಕರೆ ಬೇಕಲ್ವಾ? ಜೊತೆಗೆ ಮೈಯಲ್ಲೇ ಸಿಗುವ ಲ್ಯಾಕ್ಟೇಟ್, ಅಮೈನೋ ಆಮ್ಲ, ಗ್ಲಿಸರಾಲ್‌ಗಳಿಂದ ಹೊಸ ಸಕ್ಕರೆಯನ್ನೂ ತಯಾರಿಸುತ್ತದೆ.

ಈ ತಯಾರಿಗೆ ಬೇಕಾದ ಜೀನ್‌ಗಳನ್ನು ಚಾಲೂ ಇಡುವವರಲ್ಲಿ ಒಂದು ಫಾಕ್ಸೋ-1 ಎಂಬ ಪ್ರೋಟೀನ್. ಅದು ಜೀವಕೋಶದ ನ್ಯೂಕ್ಲಿಯಸ್ ಒಳಗೆ ಕೂತಿರುತ್ತದೆ. ಇನ್ಸುಲಿನ್ ಬಂತೆಂದರೆ ಎಕೆಟಿ ಎಂಬ ಎಂಜೈಮ್ ಎದ್ದು ಫಾಕ್ಸೋಗೆ ಫಾಸ್ಫೇಟ್ ಅಂಟಿಸುತ್ತದೆ. ಅಂಟಿದ್ದೇ ತಡ, ಫಾಕ್ಸೋ ನ್ಯೂಕ್ಲಿಯಸ್‌ನಿಂದ ಆಚೆ. ಆ ಜೀನ್‌ಗಳ ಕೆಲಸ ತಗ್ಗುತ್ತದೆ. ಇನ್ಸುಲಿನ್‌ಗೆ ಇನ್ನೊಂದು ಕೆಲಸವೂ ಉಂಟು. ಎಸ್‌ಆರ್‌ಇಬಿಪಿ-1ಸಿ ಎಂಬ ಪ್ರೋಟೀನನ್ನು ಹೆಚ್ಚಿಸಿ, ಮಿಕ್ಕ ಸಕ್ಕರೆಯಿಂದ ಕೊಬ್ಬು ಮಾಡುವ ಜೀನ್‌ಗಳನ್ನು ಎಬ್ಬಿಸುವುದು.

ಟೈಪ್ 2 ಶುಗರ್‌ನಲ್ಲಿ ತಮಾಷೆ ನೋಡಿ. ಇನ್ಸುಲಿನ್ 'ಸಕ್ಕರೆ ಸಾಕು' ಅಂದರೆ ಲಿವರ್ ಕೇಳುವುದಿಲ್ಲ, ಅದಕ್ಕೇ ಉಣ್ಣದಿದ್ದರೂ ಬೆಳಿಗ್ಗೆ ಶುಗರ್ ಜಾಸ್ತಿ. 'ಕೊಬ್ಬು ಮಾಡು' ಅಂದರೆ ಚಾಚೂ ತಪ್ಪದೆ ಮಾಡುತ್ತದೆ. ಶುಗರ್ ಇಳಿಯಲಿಲ್ಲ ಅಂತ ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ, ಕೊಬ್ಬು ಇನ್ನಷ್ಟು ಕೂಡುತ್ತದೆ. ಕೊಲೆಸ್ಟ್ರಾಲ್ ಸಂಶೋಧನೆಗೆ 1985ರಲ್ಲಿ ನೊಬೆಲ್ ಪಡೆದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 2008ರಲ್ಲಿ ಬೊಟ್ಟು ಮಾಡಿದ್ದು ಈ ಇಬ್ಬಗೆ ನಡತೆಯನ್ನೇ. ಹುಟ್ಟಿನಿಂದಲೇ ಇನ್ಸುಲಿನ್ ರಿಸೆಪ್ಟರ್ (ಇನ್ಸುಲಿನ್ ಮಾತು ಕೇಳಿಸಿಕೊಳ್ಳುವ ಜೀವಕೋಶದ ಕಿವಿ) ಕೆಟ್ಟವರಲ್ಲಿ ಶುಗರ್ ಏರುತ್ತದೆ, ಆದರೆ ಲಿವರ್‌ನಲ್ಲಿ ಕೊಬ್ಬು ತುಂಬುವುದಿಲ್ಲ. ಅವರ ಲಿವರ್‌ಗೆ ಎರಡು ಮಾತೂ ಕೇಳಿಸುವುದಿಲ್ಲ ನೋಡಿ. ಹಾಗಂತ ಲಿವರ್‌ನ ಕೊಬ್ಬೆಲ್ಲ ಅಲ್ಲೇ ತಯಾರಾದದ್ದಲ್ಲ. ಮೈಯ ಕೊಬ್ಬು ಕರಗಿ ರಕ್ತದಲ್ಲಿ ಹರಿದು ಬಂದು ಸೇರುವುದೇ ಜಾಸ್ತಿ. ತೂಕ ಇಳಿದರೆ ಶುಗರ್, ಫ್ಯಾಟಿ ಲಿವರ್ ಎರಡೂ ಸುಧಾರಿಸುವುದು ಅದಕ್ಕೇ. ಮೆಟ್‌ಫಾರ್ಮಿನ್ ಮಾತ್ರೆ ಕೂಡ ಮುಖ್ಯವಾಗಿ ಲಿವರ್ ಬಿಡುವ ಸಕ್ಕರೆಯನ್ನೇ ತಗ್ಗಿಸುತ್ತದೆ.

ಆದ್ದರಿಂದ ಸುಮ್ನೆ ರಾತ್ರಿ ಊಟ ಬಿಡಬೇಡಿ. ಸಂಜೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ನಡುರಾತ್ರಿ ಶುಗರ್ ತೀರಾ ಇಳಿದು ಬೆವರಬಹುದು. ಅರ್ಧ ಜೋಳದ ರೊಟ್ಟಿ, ಪಲ್ಯ ತಿನ್ನಿ. ಬೆಳಗಿನ ಲೆಕ್ಕವನ್ನು ಒಂದು ವಾರ ಬರೆದಿಟ್ಟು ಡಾಕ್ಟರಿಗೆ ತೋರಿಸಿ.